ಬ್ಯಾಡ್ಜಿನ ಹಿಂಬದಿ

ಅಲ್ಲಾಳಸಂದ್ರದಲ್ಲಿ ಕಂಪ್ಯೂಟರ್ ಬಲ್ಲವರು ಮನೆಗೊಬ್ಬರಂತೆ ಇದ್ದರು. ಆದರೆ ಬೆಳಗಿನ ಹೊತ್ತು ಕೆರೆ ಏರಿಯ ಮೇಲೆ ನಡೆಯುವ ಹಿರಿಯರ ಸಂಘದಲ್ಲಿ ಮಾತ್ರ ಆ ವಿದ್ಯೆ ಶ್ರೀರಾಮಪ್ಪನವರೊಬ್ಬರ ಸ್ವತ್ತಾಗಿತ್ತು. ಯಲಹಂಕದ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸಕ್ಕಿದ್ದ ಅವರು ನಿವೃತ್ತಿಗೆ ಮುಂಚೆ ಕೆಲವು ಕಾಲ ಕಂಪ್ಯೂಟರಿನ ಮುಂದೆ ಕೂತಿದ್ದರು. ಕೂತು ಏನು ಮಾಡುತ್ತಿದ್ದಿರಿ ಎಂದು ಸಂಘದವರು ಯಾರೂ ಕೇಳಲಿಲ್ಲ. ಕೂತವರಿಗೆ ಬಂದೇ ಬರುತ್ತದೆ ಎಂದು ನಂಬುವ ಒಳ್ಳೆಯ ಜನ ಅವರು.

2015ನೆಯ ಇಸವಿಯ ಆಷಾಢ. ಮಳೆ ಬೀಳದು, ಮೋಡ ಸರಿಯದು. ಕೆರೆಯ ನೀರು ತೊಳೆಯದೆ ಬಿಟ್ಟ ಪಾತ್ರೆಯ ಹಾಗೆ ಮಂಕಾಗಿತ್ತು. ಅಂಥ ಒಂದು ಮಧ್ಯಾಹ್ನ ಚಂದ್ರವ್ವ ಖಾಲಿ ಡಬ್ಬಿಯೊಂದನ್ನು ಹಿಂತಿರುಗಿಸುವ ನೆಪ ಮಾಡಿಕೊಂಡು ಶ್ರೀರಾಮಪ್ಪನವರ ಮನೆಗೆ ಬಂದರು. ಅವರ ಗಂಡ ವೀರಬಸಪ್ಪ ಗದಗಿನ ಕಡೆಯವರು. ಬೆಂಗಳೂರಿನ ಮುದ್ರಣಾಲಯವೊಂದರಲ್ಲಿ ಆಯುಷ್ಯವೆಲ್ಲ ಕರಡು ತಿದ್ದಿದವರು. ಏರಿಯ ಮೇಲೆ ಶ್ರೀರಾಮಪ್ಪನವರಿಗೆ ಜೊತೆಗಾರ.

"ಅಣ್ಣಾರ, ಯಾರ ಮುಂದೂ ಆಡಬ್ಯಾಡ್ರಿ," ಎಂದರು ಚಂದ್ರವ್ವ, ಡಬ್ಬಿಯನ್ನು ಕೈಯಿಂದ ಬಿಡದೆ. "ನಮ್ಮನಿಯವರು ಈಗೀಗ ದಾರಿ ಮರೀತಾರ್ರಿ. ಮೊನ್ನೆ ಯಾವುದೋ ಬಸ್ ಹತ್ತಿ ಬಾಗಲಗುಂಟಿ ತನಕ ಹೋಗಿದ್ರು. ನನ್ನ ನಂಬರ ಬರದು ಚೀಟಿ ಕಿಸೆದಾಗ ಇಟ್ಟೆ. ಹರದು ಒಗದ್ರು. ನಾ ಏನು ಕಳದುಹೋದ ಸಾಮಾನೇನ ಅಂತ ಕೇಳಿದ್ರು."

ಶ್ರೀರಾಮಪ್ಪ ಕನ್ನಡಕ ತೆಗೆದು ಒರೆಸಿದರು.

"ಎಲ್ಲಾರೂ ಹಾಕ್ಕೊಂಡ್ರ ಅವರೂ ಹಾಕ್ಕೋತಾರ್ರಿ. ಸಂಘದ ಬ್ಯಾಡ್ಜ ಅಂತ ಏನರ ಮಾಡಾಕ ಬರ್ತದೇನು? ಮುಂದ ಹೆಸರು, ಹಿಂದ ಮನಿ ನಂಬರ?"

ಹೀಗೆ ಬ್ಯಾಡ್ಜಿನ ಯೋಜನೆ ಹುಟ್ಟಿತು. ಮಾರನೆಯ ದಿನ ಏರಿಯ ಮೇಲೆ ಶ್ರೀರಾಮಪ್ಪ ಅದನ್ನು ತಮ್ಮ ಸ್ವಂತ ಬುದ್ಧಿಯಿಂದ ಹೊಳೆದದ್ದೆಂಬಂತೆ ಮಂಡಿಸಿದರು. ಸಂಘದ ಅಧ್ಯಕ್ಷ ನರಸಯ್ಯನವರು ಕೈ ಬೀಸುವ ವ್ಯಾಯಾಮ ನಿಲ್ಲಿಸಿ ಕೇಳಿದರು:

"ಬ್ಯಾಡ್ಜ್ ಯಾಕ್ರೀ? ನಾವೇನು ಏರ್‌ಪೋರ್ಟಿಗೆ ಟ್ಯಾಕ್ಸಿ ಹೊಡೀತೀವಾ?"

"ಸಂಘ ಅಂದ್ಮೇಲೆ ಗುರುತು ಬೇಡ್ವಾ ಅಧ್ಯಕ್ಷರೇ? ನಾಳೆ ಯಾರೋ ನಿಮ್ಮನ್ನ ನಿಲ್ಲಿಸಿ, ಯಾರಪ್ಪ ನೀನು ಅಂದ್ರೆ?"

"ನನ್ನನ್ನಾ? ಯಾವನ್ರೀ ಅವನು ಕೇಳೋನು?"

"ಅದಕ್ಕೇ ಹೇಳಿದ್ದು. ಕೇಳೋಕೆ ಮುಂಚೇನೇ ಗೊತ್ತಾಗ್ಬೇಕು. 'ಅಧ್ಯಕ್ಷರು' ಅಂತ ದಪ್ಪಕ್ಷರದಲ್ಲಿ ಹಾಕ್ತೀನಿ."

ದಪ್ಪಕ್ಷರ ಎಂಬ ಮಾತು ನಾಟಿತು. ನರಸಯ್ಯನವರು ಮತ್ತೆ ಕೈ ಬೀಸತೊಡಗಿದರು.

"ಮಾಡೋರು ಯಾರು ಗುರು?" ಎಂದು ಸುಬ್ರಮಣಿ ಕೇಳಿದರು. ಇವರು ಮೆತ್ತನೆಯ ಮನುಷ್ಯ. ಇವರ ಹೆಂಡತಿ ಕಲಾವತಿ ಮಾತ್ರ ಸಂಘದ ಮಹಿಳಾ ವಿಭಾಗದ ಬೆಂಕಿ.

ಅಂಗಡಿಗೆ ಕೊಟ್ಟರೆ ಅರ್ಧ ದಿನದ ಕೆಲಸ. ಆದರೆ ಅಷ್ಟು ಜನ ಬಾಯಿ ತೆರೆದು ನೋಡುತ್ತಿರುವಾಗ ಯಾವ ಮನುಷ್ಯ ಅಂಗಡಿಯ ಹೆಸರು ಹೇಳುತ್ತಾನೆ? "ನಾನೇ," ಎಂದುಬಿಟ್ಟರು ಶ್ರೀರಾಮಪ್ಪ. "ಕಂಪ್ಯೂಟರಲ್ಲಿ ಒಂದು ಪೇಜ್ ಲೇಔಟ್ ಅಂತ ಇರುತ್ತೆ. ಅಷ್ಟು ಮಾಡ್ಕೊಂಡ್ರೆ ಮುಗೀತು."

ಮುಗಿಯಲಿಲ್ಲ. ಮಗಳು ಹರ್ಷಿತಾ ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಕಂಪ್ಯೂಟರು ಗಿಳಿಯ ಕಸೂತಿಯಿದ್ದ ಬಟ್ಟೆ ಹೊದ್ದು ಮೂಲೆಯಲ್ಲಿ ಮಲಗಿತ್ತು. ಶ್ರೀರಾಮಪ್ಪ ಕೈಕಾಲು ತೊಳೆದು, ಅದಕ್ಕೊಂದು ನಮಸ್ಕಾರ ಹಾಕಿ ಕೂತರು. ಹೊಲಿಗೆಯ ಟೇಪಿನಿಂದ ಬ್ಯಾಡ್ಜಿನ ಅಳತೆ ಹಿಡಿದರು: ಅಗಲ ಒಂಬತ್ತು ಸೆಂಟಿಮೀಟರ್. ಕಂಪ್ಯೂಟರಿಗೆ ಒಂಬತ್ತು ಎಂದು ಹೇಳಿದರು. ಕಂಪ್ಯೂಟರು ತನಗೆ ಅಭ್ಯಾಸವಿದ್ದ ಇಂಚಿನಲ್ಲೇ ಒಂಬತ್ತು ತೆಗೆದುಕೊಂಡಿತು. ಹಾಳೆಯನ್ನೇ ಮೀರಿದ ಒಂದು ಚೌಕ, ಅದರೊಳಗೆ ನರಸಯ್ಯನವರ ಹೆಸರು, ದಪ್ಪಕ್ಷರದಲ್ಲಿ.

ಕಾಫಿ ತಂದ ಗೋಪಾಲಮ್ಮ ಪರದೆಯನ್ನು ನೋಡಿ ಅಲ್ಲೇ ನಿಂತರು. "ಇದೇನ್ರೀ ಇದು? ಎದೆ ಮ್ಯಾಲೆ ಆಕ್ಕೊಳ್ಳೋದಾ, ಇಲ್ಲ ಅಂಗಡಿ ಮುಂದೆ ನೇತಾಕೋದಾ?"

"ಇದು ಪ್ರಾಥಮಿಕ ಹಂತ ಕಣೇ."

"ಅಂಗಾರೆ ನರಸಯ್ಯನೋರ ಎದೇನೂ ಒಸಿ ಅಗಲ ಮಾಡಿ."

ಮಗಳಿಗೆ ಫೋನು ಹೋಯಿತು. ಇಂಚು ಸೆಂಟಿಮೀಟರಾಯಿತು. ಆಮೇಲೆ ಅಂಚು ಬಿಡುವುದು, ಒಂದೊಂದು ಬ್ಯಾಡ್ಜಿಗೂ ಒಂದೊಂದು ಚೌಕದ ಮನೆ ಕೊರೆಯುವುದು, ಒಂದು ಮನೆ ಹಿಗ್ಗಿಸಿದರೆ ಪಕ್ಕದ ಮನೆ ಕುಗ್ಗುವುದು, ಹೆಸರು ಒಂದು ಅಕ್ಷರ ಉದ್ದವಾದರೆ ಕೆಳಗಿನ ಸಾಲೇ ಮುಂದಿನ ಹಾಳೆಗೆ ಗುಳೆ ಹೋಗುವುದು. ಒಂದು ವಾರ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮಲಿಲ್ಲ. ಕೊನೆಗೆ ಒಂದೊಂದು ಹಾಳೆಯ ಮೇಲೂ ಎರಡೆರಡು ಮನೆಗಳ ನಾಲ್ಕು ಸಾಲು ನೆಟ್ಟಗೆ ನಿಂತವು. ಮೊದಲ ಹಾಳೆಯ ಮೊದಲ ಸಾಲಿನ ಎಡಮನೆಯಲ್ಲಿ ನರಸಯ್ಯ, ಬಲಮನೆಯಲ್ಲಿ ಸುಬ್ರಮಣಿ. ಎರಡನೆಯ ಸಾಲಿನ ಎಡದಲ್ಲಿ ವೀರಬಸಪ್ಪ. ಬಲದಲ್ಲಿ, ಸ್ನೇಹಿತನ ಮಗ್ಗುಲಲ್ಲೇ ಇರಲೆಂದು, ಶ್ರೀರಾಮಪ್ಪ.

ಹಿಂಬದಿ ಮಾಡಲು ಶ್ರೀರಾಮಪ್ಪನವರಿಗೆ ಹೆಚ್ಚು ಯೋಚನೆ ಬೇಕಾಗಲಿಲ್ಲ. ಮುಂಬದಿಯ ಹಾಳೆಗಳನ್ನೇ ಇನ್ನೊಂದು ಪ್ರತಿ ಮಾಡಿ, ಯಾರ ಹೆಸರು ಯಾವ ಮನೆಯಲ್ಲಿತ್ತೋ ಅದೇ ಮನೆಯಲ್ಲಿ ಅವರವರ ಮನೆಯವರ ಹೆಸರು, ಫೋನ್ ನಂಬರು ತುಂಬಿದರು. ನರಸಯ್ಯನವರ ಪತ್ನಿ ತೀರಿಕೊಂಡಿದ್ದರಿಂದ ಅವರಿಗೆ 'ಮಹೇಂದ್ರ, ಮಗ'. ಸುಬ್ರಮಣಿಯವರಿಗೆ 'ಕಲಾವತಿ, ಪತ್ನಿ'. ವೀರಬಸಪ್ಪನವರಿಗೆ 'ಚಂದ್ರವ್ವ, ಪತ್ನಿ'. ತಮಗೆ 'ಗೋಪಾಲಮ್ಮ, ಪತ್ನಿ'. ನ್ಯಾಯವಾಗಿಯೇ ಇತ್ತು. ಆದರೆ ಹಾಳೆಯನ್ನು ಮಗುಚಿದಾಗ ಎಡದ್ದು ಬಲಕ್ಕೆ ಹೋಗುತ್ತದೆ, ಬಲದ್ದು ಎಡಕ್ಕೆ ಬರುತ್ತದೆ. ರೊಟ್ಟಿ ಮಗುಚಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಶ್ರೀರಾಮಪ್ಪ ಜನ್ಮದಲ್ಲಿ ರೊಟ್ಟಿ ಮಗುಚಿದವರಲ್ಲ.

ಅಚ್ಚಿಗೆ ಕೊಡುವ ಮುಂಚೆ ಎರಡೂ ಬದಿಯ ಹಾಳೆಗಳನ್ನು ವೀರಬಸಪ್ಪನವರ ಮುಂದಿಟ್ಟರು. ಅವರು ಪೆನ್ಸಿಲು ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕೂತರು. ತಾವು ಬೆಳಿಗ್ಗೆ ತಿಂಡಿ ತಿಂದದ್ದು ಮರೆತಿದ್ದ ಮನುಷ್ಯ, ಒಂದೊಂದೇ ಅಕ್ಷರಕ್ಕೆ ಪೆನ್ಸಿಲು ಮುಟ್ಟಿಸುತ್ತ ಮುಂಬದಿ ಓದಿದರು, ಹಿಂಬದಿ ಓದಿದರು.

"ಎಲ್ಲಾ ಸರಿ ಅದ. ಆದ್ರೂ ಇನ್ನೊಮ್ಮೆ ನೋಡ್ರಿ ಶ್ರೀರಾಮಪ್ಪಾರ. ಅಚ್ಚಾದ ಮ್ಯಾಲ ತಿದ್ದಾಕ ಬರೂದಿಲ್ಲ."

ಬಾಗಿಲ ಹಿಂದೆ ನಿಂತಿದ್ದ ಚಂದ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ಗಂಡ ಹಾಗೆ ಕೂತದ್ದನ್ನು ಅವರು ಎಷ್ಟೋ ದಿನದ ಮೇಲೆ ನೋಡಿದ್ದರು.

ಯಲಹಂಕ ಉಪನಗರದಲ್ಲಿ ಜೆರಾಕ್ಸ್ ಅಂಗಡಿಯಿಟ್ಟಿದ್ದ ಮುಜಫ್ಫರ್, "ಹಿಂದೆ ಮುಂದೆ ಎರಡೂ ಒಂದೇ ಶೀಟಲ್ಲಿ ಬಿಡ್ಲಾ ಸಾರ್?" ಎಂದು ಕೇಳಿದ. ಬಿಡು ಎಂದರು. ಬಿಟ್ಟ. ಬಿಸಿಬಿಸಿಯಾಗಿ ಬಂದ ಹಾಳೆಗಳ ಮುಂಬದಿಯನ್ನೆಲ್ಲ ಶ್ರೀರಾಮಪ್ಪ ಒಂದೊಂದಾಗಿ ಪರೀಕ್ಷಿಸಿದರು. ಆಮೇಲೆ ಕಟ್ಟನ್ನೇ ತಿರುಗಿಸಿ ಹಿಂಬದಿಯನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದರು. ಎಲ್ಲೂ ಒಂದು ತಪ್ಪಿರಲಿಲ್ಲ. ಒಂದೇ ಬ್ಯಾಡ್ಜಿನ ಎರಡು ಮುಖಗಳನ್ನು ಒಟ್ಟಿಗೆ ನೋಡಬೇಕೆಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಸಂಘದ ವಾರ್ಷಿಕೋತ್ಸವ ಭಾನುವಾರ ಬೆಳಿಗ್ಗೆ, ಕೆರೆಯ ಹತ್ತಿರದ ಸಮುದಾಯ ಭವನದಲ್ಲಿ. ಮೋಡ ಇನ್ನಷ್ಟು ಕೆಳಗಿಳಿದಿತ್ತು, ಒಳಗೆ ಹಗಲಿನಲ್ಲೇ ದೀಪ ಹಾಕಿದ್ದರು. ಶ್ರೀರಾಮಪ್ಪ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಎದೆಗೂ ಸ್ವತಃ ಬ್ಯಾಡ್ಜ್ ಚುಚ್ಚಿದರು. ಎಲ್ಲರ ಎದೆಯ ಮೇಲೂ ಇರುವುದನ್ನು ನೋಡಿ ವೀರಬಸಪ್ಪನವರು ತಮ್ಮದನ್ನು ತಾವೇ ಕೇಳಿ ಹಾಕಿಸಿಕೊಂಡರು. ಚಂದ್ರವ್ವ ಗಂಡನನ್ನು ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂರಿಸಿ, "ಇನ್ನ ನನಗ ಧೈರ್ಯ ಬಂತ್ರಿ ಅಣ್ಣಾರ," ಎಂದು ಹೇಳಿ, ಬಡಿಸುವವರ ಜೊತೆ ತಟ್ಟೆಗಳಿಗೆ ಕೇಸರಿಬಾತ್ ಹಾಕಲು ಅಡುಗೆಕೋಣೆಗೆ ಹೋದರು.

ನರಸಯ್ಯನವರು ಮೈಕ್ ಹಿಡಿದು ಒಂದು ಗಂಟೆಯಿಂದ ಸಂಘದ ಸಾಧನೆಗಳನ್ನು ವಿವರಿಸುತ್ತಿದ್ದರು. ಫ್ಯಾನಿನ ಗಾಳಿಗೆ ಅವರ ಬ್ಯಾಡ್ಜು ತಿರುಗಿತು. ಮುಂದಿನ ಸಾಲಿನಲ್ಲಿದ್ದ ಕಲಾವತಿ ಕಣ್ಣು ಕಿರಿದು ಮಾಡಿ ಓದಿದರು. ಎದ್ದರು. ವೇದಿಕೆ ಹತ್ತಿ, ಅಧ್ಯಕ್ಷರ ಎದೆಯ ಬ್ಯಾಡ್ಜನ್ನು ಬೆರಳಲ್ಲಿ ಹಿಡಿದು ಮತ್ತೊಮ್ಮೆ ಓದಿದರು.

"ಏನ್ರೀ ನರಸಯ್ಯನೋರೇ, ಕಲಾವತಿ, ಪತ್ನಿ?"

ಮೈಕು ಚಾಲೂ ಇತ್ತು. ಭವನದ ಹೊರಗೆ ಎಳನೀರು ಮಾರುವವನಿಗೂ ಕೇಳಿಸಿತು.

"ಅಯ್ಯೋ ತಾಯಿ, ನಾನಲ್ಲ! ನಾನೇನೂ ಮಾಡಿಲ್ಲ!" ನರಸಯ್ಯನವರು ಬ್ಯಾಡ್ಜಿನಿಂದ ದೂರ ಸರಿಯಲು ನೋಡಿದರು. ಅದು ಅವರ ಅಂಗಿಗೇ ಚುಚ್ಚಿಕೊಂಡಿತ್ತು. "ಶ್ರೀರಾಮಪ್ಪಾ! ಏನ್ರೀ ಇದು? ನನ್ನ ವಯಸ್ಸಿಗೆ ಇದೇನ್ರೀ ತಂದಿಟ್ರಿ?"

ಭವನದ ತುಂಬ ಬ್ಯಾಡ್ಜುಗಳು ತಿರುಗತೊಡಗಿದವು. ಯಾರ ಹೆಂಡತಿ ಯಾರ ಎದೆಯ ಮೇಲೋ! ಒಬ್ಬರು ನಕ್ಕರು, ಒಬ್ಬರು ಮಾನ ಹೋಯಿತೆಂದರು, ಬ್ರಹ್ಮಚಾರಿಯೊಬ್ಬರು ಮಾತ್ರ ಸುಮ್ಮನೆ ಬ್ಯಾಡ್ಜನ್ನು ಜೇಬಿಗಿಳಿಸಿದರು. ಸುಬ್ರಮಣಿ ತಮ್ಮದನ್ನು ದೀಪದ ಬೆಳಕಿಗೆ ಹಿಡಿದು ಓದುತ್ತಿದ್ದರು: 'ಮಹೇಂದ್ರ, ಮಗ'. ಆ ದಂಪತಿಗೆ ಮಕ್ಕಳಿರಲಿಲ್ಲ. ಕಿತ್ತುಕೊಳ್ಳಲು ಬಂದ ಕಲಾವತಿ ಅದನ್ನು ಓದಿ, ಕಿತ್ತುಕೊಳ್ಳದೆ, ಗಂಡನ ಅಂಗಿಗೇ ಮತ್ತೆ ಸರಿಯಾಗಿ ಚುಚ್ಚಿದರು. ಅವರ ಬೆಂಕಿ ಅಲ್ಲಿಗೆ ಆರಿತು. "ಇರ್ಲಿ ಬಿಡಿ. ಒಂದಿನಕ್ಕೆ ತಾನೇ," ಎಂದರು.

ಉಳಿದವರದು ಆರಿರಲಿಲ್ಲ. ಶ್ರೀರಾಮಪ್ಪನವರನ್ನು ಸುತ್ತುಗಟ್ಟಿ ಎಲ್ಲರೂ ಒಟ್ಟಿಗೆ ಬಯ್ಯುತ್ತಿದ್ದರು. ಹೆಂಗಸರ ಸಾಲಿನಲ್ಲಿ ಕೂತು ಅದನ್ನು ನೋಡುತ್ತಿದ್ದ ಗೋಪಾಲಮ್ಮನವರ ಫೋನು ಆಗಲೇ ಬಡಿದುಕೊಂಡಿತು.

"ಗೋಪಾಲಮ್ಮೋರಾ? ನಿಮ್ಮ ಯಜಮಾನ್ರು ಚಿಕ್ಕಜಾಲದಲ್ಲಿ ಕೂತವ್ರೆ."

"ಇಡಪ್ಪ ಫೋನು. ನಮ್ಮ ಯಜಮಾನ್ರು ಇಲ್ಲೇ ನನ್ನ ಕಣ್ಣೆದುರಿಗೇ ಉಗಿಸ್ಕೊಂತಾವ್ರೆ."

ಮತ್ತೆ ಬಡಿದುಕೊಂಡಿತು. "ಅಮ್ಮಾ, ಕಟ್ ಮಾಡ್ಬೇಡಿ, ನಾನು ಪೊಲೀಸು."

"ನೀವು ಎಟಿಎಂ ಕಾರ್ಡ್ ನಂಬರ್ ಕೇಳೋರು ಅಂತ ಗೊತ್ತು ಕಣಪ್ಪ. ನಮ್ಮನೇಲಿ ಕಾರ್ಡೇ ಇಲ್ಲ."

ಇನ್ನೊಂದು ಸಲ ಬಂದಾಗ ಅವರಿಗೆ ರೇಗಿತು. ಎದ್ದು ನಿಂತು ಗುಂಪಿನ ಮೇಲಿಂದ ಕೂಗಿದರು: "ರೀ! ಯಾರೋ ಪೊಲೀಸಂತೆ! ನೀವು ಚಿಕ್ಕಜಾಲದಲ್ಲಿ ಸಿಕ್ಕಿದ್ದೀರಂತೆ! ಬಂದು ಕರ್ಕೊಂಡೋಗ್ಬೇಕಂತೆ!"

ಭವನ ನಕ್ಕಿತು. ಬಯ್ಯುತ್ತಿದ್ದ ನರಸಯ್ಯನವರೂ ನಕ್ಕರು. ಶ್ರೀರಾಮಪ್ಪ ನಗಲಿಲ್ಲ. ತಮ್ಮ ಎದೆಯ ಬ್ಯಾಡ್ಜನ್ನು ಮೆಲ್ಲಗೆ ಮಗುಚಿದರು. 'ಚಂದ್ರವ್ವ, ಪತ್ನಿ'. ತಲೆಯೆತ್ತಿ ಮೂರನೆಯ ಸಾಲಿನ ತುದಿಯನ್ನು ನೋಡಿದರು. ಕುರ್ಚಿ ಖಾಲಿಯಿತ್ತು.

ಅಡುಗೆಕೋಣೆಯ ಬಾಗಿಲಲ್ಲಿ ಚಂದ್ರವ್ವ ಕೇಸರಿಬಾತಿನ ತಟ್ಟೆ ಹಿಡಿದು, ಎಲ್ಲರೂ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ತಾವೂ ನಗುತ್ತ ನಿಂತಿದ್ದರು.

ನರಸಯ್ಯನವರೇ ಕಾರು ತೆಗೆದರು. ಹಿಂದೆ ಇಬ್ಬರು ಹೆಂಗಸರು, ಮುಂದೆ ಶ್ರೀರಾಮಪ್ಪ. ಕೋಗಿಲು ಕ್ರಾಸ್ ದಾಟಿತು, ಬಾಗಲೂರು ಕ್ರಾಸ್ ದಾಟಿತು. ತುಂತುರು ಶುರುವಾಗಿತ್ತು. ಗುಟ್ಟು ಈಗ ಗುಟ್ಟಾಗಿರಲಿಲ್ಲ; ಚಂದ್ರವ್ವನ ಬಾಯಿಂದಲೇ ಎಲ್ಲ ಕೇಳಿದ ನರಸಯ್ಯನವರು ಗಾಜು ಒರೆಸುವ ಕಡ್ಡಿಯನ್ನೇ ನೋಡುತ್ತ, "ಮೊದ್ಲೇ ಹೇಳಿದ್ರೆ ನಾನು ಬ್ಯಾಡ್ಜಿಗೆ ಕೊಂಕು ತೆಗೀತಿರ್ಲಿಲ್ಲ ಕಣ್ರೀ," ಎಂದರು. ಆಮೇಲೆ, "ಆ ಕಲಾವತಮ್ಮನ ನಂಬರು ಇನ್ನೂ ನನ್ನ ಎದೆ ಮೇಲೇ ಇದೆ," ಎಂದು ಬ್ಯಾಡ್ಜನ್ನು ಕಿತ್ತು ಡ್ಯಾಶ್‌ಬೋರ್ಡಿನೊಳಗೆ ಹಾಕಿದರು.

ಚಿಕ್ಕಜಾಲದ ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ವೀರಬಸಪ್ಪನವರು ಕೂತಿದ್ದರು. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಹೆಗಲ ಮೇಲೆ ಪೇದೆಯ ಮಳೆಕೋಟು, ಕೈಯಲ್ಲಿ ಅವನೇ ಕೊಡಿಸಿದ ಬನ್ನು. ಪೇದೆ ಎಳೆಯ ಹುಡುಗ, ತಾನು ಮಳೆಯಲ್ಲೇ ನೆನೆಯುತ್ತ ನಿಂತಿದ್ದ.

"ಗೋಪಾಲಮ್ಮ ಯಾರು?"

ಚಂದ್ರವ್ವ ಮುಂದೆ ಓಡಿದರು. "ನಾನ್ರಿ ಅವರ ಹೇಂತಿ. ಚಂದ್ರವ್ವ."

"ಇಲ್ಲಿ ಗೋಪಾಲಮ್ಮ ಅಂತಿದೆಯಲ್ಲಮ್ಮ. ತಪ್ಪು ತಿಳ್ಕೋಬೇಡಿ, ಯಾರ್ಯಾರ ಜೊತೆಗೋ ಕಳ್ಸೋಕಾಗಲ್ಲ." ಅವನು ಬಗ್ಗಿ ಮೃದುವಾಗಿ ಕೇಳಿದ: "ಅಜ್ಜಾ, ಇವರು ನಿಮ್ಮನೆಯವರಾ?"

ವೀರಬಸಪ್ಪನವರು ಹೆಂಡತಿಯ ಮುಖವನ್ನು ತುಂಬ ಹೊತ್ತು ನೋಡಿದರು. ಕರಡು ನೋಡುವಷ್ಟೇ ಶ್ರದ್ಧೆಯಿಂದ ನೋಡಿದರು. ಆಮೇಲೆ ಬ್ಯಾಡ್ಜನ್ನು ಮಗುಚಿ ಓದಿದರು.

"ಗೋಪಾಲಮ್ಮ ಅಂತ ಅಚ್ಚು ಹಾಕ್ಯಾರಲ್ರಿ," ಎಂದರು ಸಂಕೋಚದಿಂದ. "ಅಚ್ಚಾಗಿದ್ದು ಸುಳ್ಳಾಗ್ತದೇನು?"

ಚಂದ್ರವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಶ್ರೀರಾಮಪ್ಪ ಬಾಯಿ ತೆರೆದರು. ಎಡಮನೆ, ಬಲಮನೆ, ಹಾಳೆ ಮಗುಚುವುದು, ಎಲ್ಲವನ್ನೂ ವಿವರಿಸಲು ಹೊರಟರು. ಪೇದೆ ಅವರತ್ತ ನೋಡಿದ ನೋಟದಲ್ಲಿ, ಇವರಿಗೂ ಒಂದು ಬ್ಯಾಡ್ಜಿನ ಅಗತ್ಯವಿದೆಯೇನೋ ಎಂಬ ಅನುಮಾನವಿತ್ತು.

ಗೋಪಾಲಮ್ಮ ಗಂಡನನ್ನು ಪಕ್ಕಕ್ಕೆ ಸರಿಸಿದರು.

"ನಾನೇ ಕಣಪ್ಪ ಗೋಪಾಲಮ್ಮ. ನೀನು ಫೋನ್ ಮಾಡಿದ್ದೂ ನಂಗೇಯ. ಬೈದ್ಬುಟ್ಟೆ, ಬೇಜಾರ್ ಮಾಡ್ಕೋಬ್ಯಾಡ. ಇವರು ನಮ್ಮನೆಯವರೇ. ಇವಳು ನಮ್ಮಕ್ಕ. ಅಕ್ಕನ ಮನೆಗೆ ಕರ್ಕೊಂಡೋಗ್ತೀವಿ."

"ಮತ್ತೆ ಇವರು?" ಪೇದೆ ಶ್ರೀರಾಮಪ್ಪನವರನ್ನು ತೋರಿಸಿದ.

"ಅವರಾ? ಅವರು ಬ್ಯಾಡ್ಜ್ ಮಾಡ್ದೋರು."

ವೀರಬಸಪ್ಪನವರು ಗೋಪಾಲಮ್ಮನವರ ಹೆಸರು ಕೇಳಿದ್ದೇ ನಿಶ್ಚಿಂತೆಯಾಗಿ ಎದ್ದರು. ಮಳೆಕೋಟನ್ನು ಮಡಿಸಿ ಪೇದೆಗೆ ಹಿಂತಿರುಗಿಸಿದರು. ಕಾರಿನಲ್ಲಿ ಇಬ್ಬರು ಹೆಂಗಸರ ನಡುವೆ ಕೂತರು. ಚಂದ್ರವ್ವ ತಮ್ಮ ಸೆರಗಿನಿಂದ ಅವರ ಒದ್ದೆ ಕಾಲು ಒರೆಸಿದಾಗ, "ನಿಮಗ ಭಾಳ ತ್ರಾಸಾತು ನೋಡ್ರಿ," ಎಂದು ಕೈ ಮುಗಿದರು.

"ಏನ್ ತ್ರಾಸಿಲ್ರಿ," ಎಂದರು ಚಂದ್ರವ್ವ, ಅಪರಿಚಿತರಿಗೆ ಹೇಳುವಷ್ಟೇ ಮರ್ಯಾದೆಯಿಂದ.

ಹೊಸ ಬ್ಯಾಡ್ಜು ಮಾಡಲೇಬೇಕಾಯಿತು. ಶ್ರೀರಾಮಪ್ಪ ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಮಗುಚಿ, ಮತ್ತೆ ಮಗುಚಿ ಅಭ್ಯಾಸ ಮಾಡಿದರು. ಎಡಬಲ ಸರಿಯಾದರೆ ಮೇಲು ಕೆಳಗಾಗುತ್ತಿತ್ತು. ಇನ್ನೊಮ್ಮೆ ತಪ್ಪಿದರೆ ಎಂದು ನೆನೆದು ಮೌಸು ಬಿಟ್ಟು ಏಳುತ್ತಿದ್ದರು. ಬೇರೆಯವರಿಗೆ ಕೊಡೋಣವೆಂದರೆ, ಅವರೂ ಮಗುಚುವವರೇ. ಕೊನೆಗೆ ಯಾವ ದಿಕ್ಕಿಗೆ ಮಗುಚಿದರೂ ತಪ್ಪಲಾರದ ಒಂದು ಉಪಾಯ ಹೊಳೆಯಿತು. ಹಿಂಬದಿಯ ಅಷ್ಟೂ ಮನೆಗಳಲ್ಲಿ ಒಂದೇ ಹೆಸರು, ಒಂದೇ ನಂಬರು ಹಾಕಿದರು: 'ಚಂದ್ರವ್ವ'.

ನರಸಯ್ಯನವರು ಮಾದರಿಯ ಹಾಳೆಯ ಮೇಲೆ ಮನೆಯಿಂದ ಮನೆಗೆ ಬೆರಳಾಡಿಸಿದರು. "ಅಂದ್ರೆ ನಾನು ಬಿದ್ರೂ ಆ ಯಮ್ಮನಿಗೇ ಫೋನು?"

"ಹೌದು ಅಧ್ಯಕ್ಷರೇ."

"ಪತ್ನಿ ಅಂತ ಹಾಕಿಲ್ಲ ತಾನೇ?"

"ಇಲ್ಲ."

"ಹಂಗಾದ್ರೆ ಹೊಡೀರಿ."

ಅಂದಿನಿಂದ ಏರಿಯ ಮೇಲೆ ಎಲ್ಲರ ಬ್ಯಾಡ್ಜಿನ ಬೆನ್ನಿಗೂ ಚಂದ್ರವ್ವ. ವೀರಬಸಪ್ಪನವರು ನಡುವೆ ನಡೆಯುವರು, ಆಗಾಗ ನಿಂತು ಪಕ್ಕದವರ ಬ್ಯಾಡ್ಜನ್ನು ಮಗುಚಿ ಓದುವರು. ಎಲ್ಲ ಕಡೆಯೂ ಒಂದೇ ಹೆಸರು ಬರೆದಿರುವುದನ್ನು ಕಂಡು, ಇದು ಯಾರೋ ದೊಡ್ಡ ಹೆಣ್ಣುಮಗಳಿರಬೇಕು ಎಂದು ಅವರು ನಿರ್ಧರಿಸಿದರು. ಮನೆಗೆ ಹೋಗಿ ಅದನ್ನು ಚಂದ್ರವ್ವನಿಗೇ ಹೇಳುತ್ತಿದ್ದರಂತೆ.

ಕಾರ್ತಿಕದ ಹೊತ್ತಿಗೆ ಅವರು ಹಾಸಿಗೆ ಹಿಡಿದರು. ಸಂಕ್ರಾಂತಿಗೆ ಮುಂಚೆ ಹೋಗಿಬಿಟ್ಟರು. ಯಾವ ಫೋನೂ ಬೇಕಾಗದಂತೆ, ತಮ್ಮ ಮಂಚದ ಮೇಲೆಯೇ.

ಇನ್ನು ಹಿಂಬದಿ ಬದಲಿಸಬೇಕಲ್ಲ ಎಂದು ಶ್ರೀರಾಮಪ್ಪನವರಿಗೆ ದಿನವೂ ಅನಿಸುತ್ತಿತ್ತು. ದುಃಖದಲ್ಲಿರುವ ಹೆಂಗಸಿನ ನಂಬರನ್ನು ಊರವರೆಲ್ಲ ಎದೆಗೆ ಚುಚ್ಚಿಕೊಂಡು ತಿರುಗುವುದು ಸರಿಯೇ? ಆದರೆ ಗಿಳಿಯ ಬಟ್ಟೆ ತೆಗೆಯಲು ಧೈರ್ಯ ಬರುತ್ತಿರಲಿಲ್ಲ. ನಾಳೆ ನಾಳೆ ಎನ್ನುತ್ತ ಮುಂದಿನ ಆಷಾಢ ಬಂತು.

ಒಂದು ಬೆಳಿಗ್ಗೆ ಏರಿಯ ಪಾಚಿಯ ಮೇಲೆ ಕಾಲಿಟ್ಟವರು ಶ್ರೀರಾಮಪ್ಪನವರೇ. ಜಾರಿ ಕೂತರು. ಪಾದ ಉಳುಕಿತ್ತು. ಕಿವಿಗೆ ವೈರು ಸಿಕ್ಕಿಸಿಕೊಂಡು ಓಡುತ್ತಿದ್ದ ಅಪರಿಚಿತ ಹೆಣ್ಣುಮಗಳೊಬ್ಬಳು ನಿಂತು, ಅವರ ಬ್ಯಾಡ್ಜ್ ಮಗುಚಿ, ಫೋನು ಒತ್ತಿದಳು.

"ಬೇಡಮ್ಮಾ, ಆ ನಂಬರಿಗೆ ಬೇಡ! ಅದು ಲೇಔಟಿನ ತಪ್ಪು..."

"ಹಲೋ, ಚಂದ್ರವ್ವ ಆಂಟಿನಾ? ನಿಮ್ಮನೆಯವರು ಒಬ್ಬರು ಕೆರೆ ಹತ್ರ ಬಿದ್ದಿದ್ದಾರೆ. ಬೇಗ ಬನ್ನಿ."

ಶ್ರೀರಾಮಪ್ಪ ಕಣ್ಣು ಮುಚ್ಚಿಕೊಂಡರು. ಆ ಮಾತನ್ನು ಚಂದ್ರವ್ವ ಯಾವ ಎದೆಯಿಂದ ಕೇಳಿಸಿಕೊಂಡರೋ ಎಂದು ಯೋಚಿಸುವಷ್ಟರಲ್ಲಿ, ಏರಿಯ ಆ ತುದಿಯಲ್ಲಿ ಅವರೇ ಕಂಡರು. ಬೇಗ ಬೇಗ ಬರುತ್ತಿದ್ದರು. ಅವಸರದಲ್ಲಿ ಹಾಕಿಕೊಂಡ ಎರಡು ಚಪ್ಪಲಿಗಳು ಬೇರೆ ಬೇರೆ. ಕೈಯಲ್ಲಿ ವೀರಬಸಪ್ಪನವರ ಊರುಗೋಲು.

"ಯಾರೋ ಅಂದ್ಕೊಂಡಿದ್ದೆ. ನೀವೇನ್ರಿ ಅಣ್ಣಾರ," ಎಂದು ಏದುಸಿರು ಬಿಡುತ್ತ ಕೋಲು ಮುಂದೆ ಮಾಡಿದರು. "ಹಿಡೀರಿ ಇದನ್ನ."

"ತಪ್ಪಾಯ್ತು ಚಂದ್ರಕ್ಕ. ಇವತ್ತೇ ಕೂತ್ಕೊಂಡು ಹಿಂದ್ಗಡೆ ಎಲ್ಲಾ ಬದಲಾಯಿಸಿಬಿಡ್ತೀನಿ. ನಿಮಗೆ ಇನ್ಮೇಲೆ ಯಾರೂ ಫೋನ್ ಮಾಡಲ್ಲ."

ಚಂದ್ರವ್ವ ಬಗ್ಗಿ, ಅವರ ಎದೆಯ ಮೇಲೆ ಮಗುಚಿಕೊಂಡಿದ್ದ ಬ್ಯಾಡ್ಜನ್ನು ನೆಟ್ಟಗೆ ಮಾಡಿದರು.

"ಬ್ಯಾಡ್ರಿ. ಅಚ್ಚಾದ ಮ್ಯಾಲ ತಿದ್ದಾಕ ಬರೂದಿಲ್ಲ," ಎಂದರು. "ಏಳ್ರಿ. ಗೋಪಾಲಮ್ಮ ಕಾಯ್ತಿರ್ತಾಳ."